ಗೋಡೆಯ ಮೇಲಿನ ಕೆಂಪು ಗೆರೆ

ಬತಾಸು ಗಲ್ಲಿ, ಹಳೇಪೇಟೆ
ಕ್ರಿ.ಶ. ೨೨೧೧, ಹದಿಮೂರನೆಯ ತಿಂಗಳ ಒಂಬತ್ತು

ಇದೇ ಗಲ್ಲಿಯಲ್ಲಿ ನಮಗಿಂತ ಮೊದಲು ಬಾಳಿದವರಿಗೆ,

ಶಿವಲೀಲಾ ಮಾಡುವ ನಮಸ್ಕಾರಗಳು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಮಾತನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು. ವರ್ಷಕ್ಕೆ ಹದಿಮೂರು ತಿಂಗಳೇಕೆ ಎಂದು ಕೇಳಬೇಡಿ, ನಮಗೂ ಯಾರೂ ಹೇಳಿಲ್ಲ.

ನಿಮ್ಮ ಕಾಲದಲ್ಲಿ ಕೆಡವಿದ ಈ ಗಲ್ಲಿಯನ್ನು ನಮ್ಮ ಮುತ್ತಜ್ಜಂದಿರು ಮತ್ತೆ ಕಟ್ಟಿದರು. ಅವರ ಕೈಯಲ್ಲಿದ್ದದ್ದು ಕೊನೆಯ ದಿನಗಳಲ್ಲಿ ನೀವು ತೆಗೆದ ಫೋಟೋಗಳು ಮಾತ್ರ. ಅವನ್ನು ನೋಡಿಕೊಂಡೇ ಕಟ್ಟೆ, ಪಡಸಾಲೆ, ಕೆತ್ತನೆಯ ಬಾಗಿಲು ಎಲ್ಲವನ್ನೂ ಇದ್ದ ಹಾಗೇ ಎಬ್ಬಿಸಿದರು. ಸುತ್ತಲಿನ ಗೋಪುರಗಳಿಂದಾಗಿ ನಮ್ಮ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಎತ್ತರದ ಕನ್ನಡಿಗಳು ಒಂದೊಂದು ಮನೆಗೆ ಸ್ವಲ್ಪ ಸ್ವಲ್ಪ ಹೊತ್ತು ಬೆಳಕು ತಿರುಗಿಸುತ್ತವೆ. ಇದಕ್ಕೆ ಬಿಸಿಲುಪಾಳಿ ಎನ್ನುತ್ತೇವೆ. ನಮ್ಮ ಪಾಳಿ ಬಂತೆಂದರೆ ಹಪ್ಪಳ, ಹಾಸಿಗೆ, ಅತ್ತೆಯವರ ನೋಯುವ ಮಂಡಿ ಎಲ್ಲ ಒಟ್ಟಿಗೆ ಕಟ್ಟೆಗೆ ಬರುತ್ತವೆ. ಎದುರುಮನೆಯ ಪಾಳಿಯಲ್ಲಿ ಹೋಗಿ ಕೂತರೆ ಜಗಳ ಗ್ಯಾರಂಟಿ.

ಆ ಫೋಟೋಗಳಲ್ಲಿ ಪ್ರತಿ ಗೋಡೆಯ ಮೇಲೂ ಒಂದು ಕೆಂಪು ಗೆರೆ, ಪಕ್ಕದಲ್ಲೊಂದು ಅಂಕಿ ಇತ್ತು. ಅದೇನೆಂದು ನಿಮಗೆ ಗೊತ್ತು. ನಮ್ಮ ಹಿರಿಯರು ಮಾತ್ರ, ಹೊಸ್ತಿಲಿಗೆ ಕುಂಕುಮ ಹಚ್ಚುವ ಹಾಗೆ ನಿಮ್ಮದೊಂದು ಶುಭದ ಪದ್ಧತಿ ಇರಬೇಕೆಂದು ತಿಳಿದರು. ಅಂದಿನಿಂದ ಹೊಸ ಸೊಸೆ ಗೋಡೆಗೆ ಕೆಂಪು ಗೆರೆ ಎಳೆದು, ಅಂಕಿ ಬರೆದೇ ಒಳಗೆ ಕಾಲಿಡಬೇಕು. ನಾನೂ ಎಳೆದಿದ್ದೇನೆ. ಗೆರೆ ಸೊಟ್ಟಗಾಯಿತೆಂದು ಅತ್ತೆ ಕಾಶೀಬಾಯಿ ಇವತ್ತಿಗೂ ಛೇಡಿಸುತ್ತಾರೆ.

ಕಳೆದ ತಿಂಗಳು ನಗರ ಯೋಜನೆಯ ಕಚೇರಿಯವರೊಬ್ಬರು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದರು. ಸರ್ಕಾರವೇ ಗೆರೆ ಎಳೆದುಕೊಡುತ್ತದೆಂದರೆ ಯಾರಿಗೆ ಸಂತೋಷವಿಲ್ಲ? ಅತ್ತೆ ಅವರಿಗೆ ಆರತಿ ಎತ್ತಿ ಬಾಯಿಗೆ ಸಕ್ಕರೆ ಹಾಕಿದರು. ಅಕ್ಕಪಕ್ಕದವರು "ನಮ್ಮ ಮನೀಗೂ ಬರ್ರಿ" ಎಂದು ಕೈಹಿಡಿದು ಕರೆದೊಯ್ದರು. ಕೊನೆಗೆ ಆ ಮನುಷ್ಯ ನನ್ನನ್ನು ಬದಿಗೆ ಕರೆದು ತಲೆ ತಗ್ಗಿಸಿ ಹೇಳಿದರು: "ಇದು ಶುಭದ್ದಲ್ರೀ ಅಕ್ಕಾರ. ರಸ್ತೆ ಅಗಲ ಮಾಡೂ ಗುರ್ತು. ಅಂಕಿ ಎಷ್ಟೈತೋ ಅಷ್ಟು ಒಳಗಿನ ತನಕ ಕೆಡವ್ತಾರ. ನಿಮ್ಮ ಮನ್ಯಾಗ ಹಿಂದಿನ ಗ್ವಾಡಿ ಅಷ್ಟ ಉಳೀತದ."

ರಸ್ತೆ ಯಾಕೆ ಗೊತ್ತೇ? ನಮ್ಮ ಹಳೆಯ ಗಲ್ಲಿಯನ್ನು ನೋಡಲು ಪ್ರವಾಸಿಗರು ಸಲೀಸಾಗಿ ಬರಲೆಂದು. ನಾನು ಕಚೇರಿಗೆ ಓಡಿದೆ. ಇಡೀ ಗಲ್ಲಿ ಆರತಿ ಎತ್ತಿ ಒಪ್ಪಿದೆಯಲ್ಲ, ಇನ್ನೇನು ತಕರಾರು ಎಂದರು ಅಲ್ಲಿಯವರು.

ನಾಚಿಕೆಯಿಂದ ಸಾಯುವ ಹಾಗಾಗಿದೆ. ನಿಮ್ಮ ಮನೆ ಒಡೆಯಲು ಹಾಕಿದ ಗುರುತನ್ನು ನಾವು ಮದುವೆಗಳಲ್ಲಿ ಹಾಡಿನೊಂದಿಗೆ ಬರೆದೆವು. ಫೋಟೋಗಳಲ್ಲಿ ನೀವು ಅದರ ಮುಂದೆಯೇ ನಿಂತಿದ್ದೀರಿ. ನಾವು ಬಾಗಿಲಿನ ಕೆತ್ತನೆ ಅಳೆದೆವು, ಕಟ್ಟೆಯ ಕಲ್ಲು ಎಣಿಸಿದೆವು, ನಿಮ್ಮ ಮುಖಗಳನ್ನು ಮಾತ್ರ ನೋಡಲಿಲ್ಲ. ಕ್ಷಮಿಸಿ ಎನ್ನಲೂ ಬಾಯಿ ಬರುತ್ತಿಲ್ಲ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಗಳಲ್ಲೂ ವಯಸ್ಸಾದವರು ಇದ್ದಿರಬೇಕು. ಈ ಮನೆ ಹೋಗುತ್ತದೆ ಎಂದು ಅವರಿಗೆ ಯಾವ ಮಾತಿನಲ್ಲಿ ಹೇಳಿದಿರಿ? ಅದನ್ನು ದೊಡ್ಡಕ್ಷರದಲ್ಲಿ ಬರೆದು, ಗೆರೆಯ ಪಕ್ಕ ಅಂಟಿಸಿ, ಒಂದು ಫೋಟೋ ತೆಗೆದಿಡಿ. ನಾನು ಹುಡುಕಿಕೊಳ್ಳುತ್ತೇನೆ. ನಾಡಿದ್ದು ಯಂತ್ರ ಬರುತ್ತದೆ, ಅತ್ತೆ ಇನ್ನೂ ದಿನಾ ಬೆಳಿಗ್ಗೆ ಎದ್ದು ಆ ಗೆರೆಗೆ ಹೂವು ಏರಿಸುತ್ತಿದ್ದಾರೆ.

ನಿಮ್ಮ ಗಲ್ಲಿಯವಳೇ ಆದ,
ಶಿವಲೀಲಾ