ಗ್ಲಾಸ್ ಏರಿಸಿದ ಗಾಡಿ

ಅಲ್ ವುಕೈರ್, ಕತಾರ್
3 ಫೆಬ್ರವರಿ 2025

ಮಗಳೇ ಗ್ರೀಷ್ಮಾ,

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸುವುದು ಶಿಕ್ಷೆಯೇ. ಎಲ್ಲ ನಿನ್ನ ಅಣ್ಣ ಅಕ್ಷಯನ ಕೆಲಸ. "ಫೋನಿನಲ್ಲಿ ನೀವು ಬೊಬ್ಬೆ ಹಾಕ್ತೀರಿ, ಅವಳು ಕಟ್ ಮಾಡ್ತಾಳೆ. ಬರೆದು ಕೊಡಿ ಪಪ್ಪಾ, ಫೋಟೋ ತೆಗೆದು ಕಳಿಸ್ತೇನೆ, ಖಲಾಸ್" ಅಂತ ಕಾಗದ ಮುಂದಿಟ್ಟು ಆಫೀಸಿಗೆ ಹೋದ. ನಿನ್ನ ಕೆಮ್ಮು ಬಿಟ್ಟಿತೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ, ಬ್ರೆಡ್ಡಿನಲ್ಲೇ ದಿನ ದೂಡುತ್ತೀಯೋ? ನಾವು ಸೌಖ್ಯ. ನನ್ನ ಮೊಣಕಾಲಿನ ಸುದ್ದಿ ಬೇಡ.

ನೀನು ಕಳಿಸಿದ ಫೋಟೋವನ್ನು ನಿನ್ನ ಅಮ್ಮ ಇಡೀ ಬಿಲ್ಡಿಂಗಿಗೆ ತೋರಿಸಿದಳು. ಅಂಗೈಯಲ್ಲಿ ಕೂರುವ ಆ ಆಮೆ ನೀನಿರುವ ದಕ್ಷಿಣ ಆಫ್ರಿಕಾದ್ದೇ ಅಂತೆ. ಅದರ ನಾಲ್ಕು ಹನಿ ರಕ್ತದಿಂದ ಇಡೀ ಜೀನೋಮ್, ಅಂದರೆ ಅದರ ವಂಶದ ಬರಹವನ್ನೇ ಓದುತ್ತೀರಂತೆ, ಅದೂ ಹೊರದೇಶಕ್ಕೆ ಕಳಿಸದೆ ಅಲ್ಲಿಯ ಲ್ಯಾಬಿನಲ್ಲೇ. ಒಳ್ಳೆಯದು. ಆಮೆಗಾದರೂ ಊರಿನಲ್ಲೇ ಕೆಲಸ ಆಗುತ್ತದೆ, ನಮ್ಮ ಹಾಗಲ್ಲ. ಪಕ್ಕದ ಮನೆಯ ಹೇಜಲ್ "ಅಲ್ಲಿ ಸಿಂಹ ಇಲ್ವಾ ಪೂವಕ್ಕ?" ಅಂತ ನಿನ್ನ ಅಮ್ಮನನ್ನು ಕೇಳಿದ್ದೇ ಸಾಕು, ಅವಳು ಮೂರು ದಿನದಿಂದ ದೇವರ ಮುಂದಿನಿಂದ ಏಳುತ್ತಿಲ್ಲ. ಸಿಂಹವಾದರೆ ಸದ್ದು ಮಾಡುತ್ತದೆ. ಆ ಫೋಟೋದಲ್ಲಿ ನನ್ನ ಕಣ್ಣು ಬಿದ್ದದ್ದು ಗಾಡಿಯಲ್ಲಿ ನಿನ್ನ ಸೀಟಿನ ಹಿಂದಿದ್ದ ಕ್ಯಾನಿನ ಮೇಲೆ.

ಅದರಲ್ಲಿರುವುದು ಹೆಪ್ಪುಗಟ್ಟಿಸುವ ದ್ರವ ನೈಟ್ರೋಜನ್. ನನಗೆ ಕಲಿಸಬೇಡ. ಹತ್ತೊಂಬತ್ತು ವರ್ಷ ಇಲ್ಲಿಯ ಶಹಾನಿಯಾದ ಒಂಟೆ ಫಾರ್ಮುಗಳಿಗೆ, ತಳಿಗೆಂದು ತೆಗೆದ ಒಂಟೆಯ ಬೀಜ ಕೆಡದಂತೆ ಇಡಲಿಕ್ಕೆ, ಅದನ್ನೇ ವ್ಯಾನಿನಲ್ಲಿ ಸಾಗಿಸಿದವನು ನಾನು. ರಕ್ತ ಕೆಟ್ಟರೆ ಒಳಗಿನ ಬರಹ ತುಂಡು ತುಂಡಾಗುತ್ತದೆ, ಆಮೆ ಹಿಡಿದ ಜಾಗದಲ್ಲೇ ಹೆಪ್ಪುಗಟ್ಟಿಸಬೇಕು ಅಂತ ನೀನೇ ಹೇಳಿದ್ದೀ. ಹೆಪ್ಪುಗಟ್ಟಿಸು. ಆದರೆ ಆ ಕ್ಯಾನು ಮುಚ್ಚಳ ಹಾಕಿದರೂ ಉಸಿರು ಬಿಡುತ್ತಲೇ ಇರುತ್ತದೆ. ವಾಸನೆ ಇಲ್ಲ, ಕಣ್ಣುರಿ ಇಲ್ಲ. ಗಾಡಿಯೊಳಗಿನ ಗಾಳಿಯನ್ನು ಮೆಲ್ಲನೆ ಹೊರಗೆ ದೂಡುತ್ತದೆ. ಫೋಟೋದಲ್ಲಿ ನಾಲ್ಕೂ ಗ್ಲಾಸ್ ಮೇಲೆ! ಕೇಳಿದರೆ "ಧೂಳು ಪಪ್ಪಾ, ಎಸಿ ಹಾಕಿರ್ತೇವೆ, ಮಲಗುವುದೂ ಗಾಡಿಯಲ್ಲೇ" ಅಂತ ನಗುತ್ತೀ. ಆ ನಗುವಿಗೇ ನಾನು ಬೊಬ್ಬೆ ಹಾಕಿದ್ದು. ಹದಿನಾಲ್ಕನೇ ತಾರೀಕಿಗೆ ಮತ್ತೆ ಆಮೆ ಹುಡುಕಲು ಹೊರಡುತ್ತೀಯಂತೆ. ತೆರೆದ ಪಿಕಪ್ ಕೇಳು. ಕ್ಯಾನು ಹಿಂದೆ ತೆರೆದ ಗಾಳಿಯಲ್ಲಿ, ಮನುಷ್ಯರು ಮುಂದೆ.

ದೇವರು ನಿನಗೆ ಆಯುಷ್ಯ ಕೊಡಲಿ, ಸ್ವಲ್ಪ ಹೆದರಿಕೆಯನ್ನೂ ಕೊಡಲಿ.

ನಿನ್ನ ಪಪ್ಪ,
ತಾರಾನಾಥ

ವಿ.ಸೂ.: ಅಕ್ಷಯನೂ ಓದುತ್ತಾನೆ, ಓದಲಿ. ನನ್ನ ಜತೆ ವ್ಯಾನಿನಲ್ಲಿರುತ್ತಿದ್ದ ಗೇಬ್ರಿಯಲ್ ಅಂಕಲ್ ಹಾರ್ಟ್ ಅಟ್ಯಾಕಿನಲ್ಲಿ ಹೋದ ಅಂತ ನಿಮಗೆ ಹೇಳಿದ್ದೆ. ಸುಳ್ಳು. ಜುಲೈ ತಿಂಗಳು. ಫಾರ್ಮಿನ ಗೇಟಿನಲ್ಲಿ ಸಹಿ ಹಾಕಿಸಲು ನಾನು ಇಳಿದೆ. ಹಿಂದೆ ಕ್ಯಾನು ಮಗುಚಿದ್ದು ಇಬ್ಬರಿಗೂ ಗೊತ್ತಿಲ್ಲ. ಅವನು ಗ್ಲಾಸ್ ಇಳಿಸಲು ಹೋದ. "ಏರಿಸು ಮಾರಾಯಾ, ಎಸಿ ಹೋಗ್ತದೆ" ಅಂತ ಬೈದವನು ನಾನು. ಹತ್ತು ನಿಮಿಷ ಕಳೆದು ಬಂದರೆ ಗ್ಲಾಸಿಗೆ ತಲೆ ಆನಿಸಿ ನಿದ್ದೆ ಹೋದ ಹಾಗಿದ್ದ. ಆಸ್ಪತ್ರೆಯ ಕಾಗದದಲ್ಲಿ ಹೃದಯ ನಿಂತಿತು ಅಂತ ಬಂತು, ನಾನು ಬಾಯಿ ಮುಚ್ಚಿದೆ. ಅವನ ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ನಿಮ್ಮಿಬ್ಬರನ್ನೂ ಕಾರಿನಲ್ಲಿ ಅದೇ ಮಾತು ಬೈದು ಬೆಳೆಸಿದೆ. ಗ್ಲಾಸ್ ಏರಿಸುವ ಚಾಳಿ ನಿನಗೆ ನನ್ನಿಂದಲೇ ಬಂದದ್ದು. ಕ್ಯಾನು ಎಲ್ಲಿಡುತ್ತೀ ಅಂತ ಹನ್ನೆರಡನೇ ತಾರೀಕಿನೊಳಗೆ ಉತ್ತರ ಬರಬೇಕು.