ಕಾಲು ತಾಗದ ಪೆಡಲ್

ದೋಸ್ತ ಇಕ್ಬಾಲ್,

ಸಲಾಮು, ಕ್ಷೇಮ ಎಲ್ಲ ಬಿಡು. ನಿನ್ನ ಮೇಲೆ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೋದ ಆರು ತಿಂಗಳಿಗೆ ನಿನ್ನ ಹೆಂಡತಿ, ನನ್ನ ಭಾಬಿ, ಆ ಓವರ್‌ಡ್ರೈವ್ ಪೆಡಲ್ ನನ್ನ ಕೈಗಿಟ್ಟರು. "ಮಾದೇವ ಭಾಯಿ, ಆನ್‌ಲೈನ್‌ನಾಗ ಮಾರಿಬಿಡ್ರಿ. ನನಗ ನೋಡಾಕ ಆಗವಲ್ದು," ಅಂದರು. ಫೋಟೊ ತೆಗೆದು ಹಾಕಿದೆ. "ಸ್ವಲ್ಪವೇ ಬಳಸಿದ್ದು" ಅಂತ ಬರೆದೆ. ಸುಳ್ಳೇನಲ್ಲ, ಎರಡೇ ಮದುವೆಗೆ ಬಳಸಿದ್ದು.

ಅದನ್ನು ಮಿರಜದಿಂದ ತಂದ ದಿನ ನೆನಪಿದೆಯಾ? ಗಿಟಾರಿನವರು ಕಾಲಲ್ಲಿ ಒತ್ತಿ ದನಿಯನ್ನು ಗುಡುಗಿಸುವ ಕಬ್ಬಿಣದ ಡಬ್ಬಿ ಅದು. ನಿನಗೆ ಗುಂಡಿ ಒತ್ತಿ ತಂತಿ ಮೀಟುವ ಬೆಂಜೋಗೆ ಬೇಕಿತ್ತು. ನಿಪ್ಪಾಣಿಯ ಯಾವ ಬೆಂಜೋ ಪಾರ್ಟಿಯಲ್ಲೂ ಇಲ್ಲದ ದನಿ ಬೇಕೆಂಬ ಹಟ. ಬೆಂಜೋ ಕೊರಳಿಗೆ ಹಾಕಿಕೊಂಡು ಮೆರವಣಿಗೆಯಲ್ಲಿ ನಡೆಯುವವನು ಕಾಲಲ್ಲಿ ಹೇಗೆ ಒತ್ತಬೇಕು ಅನ್ನುವುದು ತಂದ ಮೇಲೆ ಹೊಳೆಯಿತು ಶಾಣ್ಯಾನಿಗೆ. ಕಡೆಗೆ ಡಬ್ಬಿಯನ್ನು ನನ್ನ ಸೊಂಟಕ್ಕೆ ಕಟ್ಟಿದಿ. "ನಾ ಗೋಣ ಹಾಕಿದ ಕೂಡ್ಲೆ ಒತ್ತಲೇ." ನಾನೇನು ನಿನ್ನ ಕಾಲೇ? ಆದರೂ ಪಕ್ಕದಲ್ಲೇ ನಡೆದೆ, ಕೈಯಿಂದ ಒತ್ತಿದೆ.

ರಾಯಬಾಗದ ಮದುವೆಯಲ್ಲಿ ನಿನ್ನ ಅಂಗಿ ಬೆವರಿಗೆ ತೊಯ್ದು ಹೋಗಿತ್ತು. ಯಾಕೋ ಅಂದರೆ, "ಉಪ್ಪಿಟ್ಟು ಜಾಸ್ತಿ ಆಗೇತಿ" ಅಂದಿ. ಮದುಮಗನ ಕುದುರೆ ತಿರುವಿಗೆ ಬಂದಾಗ ನಿನ್ನ ಗೋಣು ಕೆಳಗೆ ಬಿತ್ತು. ನಾನು ಒತ್ತಿದೆ. ಒತ್ತಿದೆನಲ್ಲ ಇಕ್ಬಾಲ್... ಸ್ಪೀಕರು ಗುಡುಗಿತು, ಮದುಮಗನ ಗೆಳೆಯರು ಸೀಟಿ ಹೊಡೆದು ಕುಣಿದರು. ನೀನು ಮೊಣಕಾಲೂರಿದ್ದನ್ನೂ ಸ್ಟೈಲು ಅಂದುಕೊಂಡೆ. ನೆಲಕ್ಕೆ ಒರಗಿದ ಮೇಲೆ ತಿಳಿಯಿತು, ಗೋಣು ಬಿದ್ದದ್ದು ಸನ್ನೆಯಲ್ಲ ಅಂತ.

ಮೊನ್ನೆ ಐನಾಪುರದಿಂದ ಗಿಟಾರ್ ಕಲಿಸುವ ಮಾಸ್ತರೊಬ್ಬರು ಪೆಡಲ್ ನೋಡಲು ಬಂದರು. ದುಡ್ಡು ಭಾಬಿಯ ಕೈಗೇ ಸೇರಲಿ ಅಂತ ನಿಮ್ಮ ಮನೆಗೇ ಕರೆಸಿದ್ದೆ. ತಿರುಗಿಸಿ ಮುರುಗಿಸಿ ನೋಡಿ, "ಮ್ಯಾಲೆ ಕಾಲಿಂದ ಒಂದ ಗುರ್ತೂ ಇಲ್ಲಲ್ರಿ. ಖರೇನ ವಾಪರಿಸೀರೇನು?" ಅಂದರು. ಹೌದು ಅಂದರೆ ಮುಗಿಯುತ್ತಿತ್ತು. ನಾನು ಭಾಬಿಯ ಎದುರಿಗೇ ಎಲ್ಲ ಬಾಯಿಬಿಟ್ಟೆ. ಕೈಯಿಂದ ಒತ್ತಿದ್ದು, ನಿನ್ನ ಗೋಣು, ಆ ಕುಣಿತ, ಆರು ತಿಂಗಳಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದು. ಮಾಸ್ತರು ಚಹದ ಕಪ್ಪು ಹಿಡಿದು ಹಾಗೇ ಕೂತಿದ್ದರು.

ಭಾಬಿ ಆಮೇಲೆ, "ಮುಂಜಾನೆನ ಎದಿ ಉರೀತೈತಿ ಅಂದಿದ್ರು. ನಾನ ಸೋಡಾ ಕುಡಿಸಿ ಕಳಿಸೇನಿ. ಮಾದೇವಗ ಹೇಳಬ್ಯಾಡ, ದವಾಖಾನಿಗಿ ಎಳಕೊಂಡ ಹೋಗ್ತಾನ ಅಂತ ಆಣಿ ಹಾಕಿಸಿಕೊಂಡ್ರು," ಅಂದರು.

ಅಂದರೆ ನನಗೆ ಉಪ್ಪಿಟ್ಟಿನ ಸುಳ್ಳು, ಆಕೆಗೆ ಆಣೆ. ಹೌದಪ್ಪ, ಎಳೆದುಕೊಂಡೇ ಹೋಗುತ್ತಿದ್ದೆ. ಒದ್ದು ಒಯ್ಯುತ್ತಿದ್ದೆ. ನೀನು ದಾರಿಯುದ್ದಕ್ಕೂ ಬೈಯುತ್ತಿದ್ದಿ, ಆದರೆ... ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಒಂದೇ ಗೇಣು ದೂರದಲ್ಲಿದ್ದೆನಲ್ಲೋ. ನಾನು ಕೊಂದೆ ಅಂತ ನಾನು, ತಾನು ಕೊಂದೆ ಅಂತ ಆಕೆ, ಆರು ತಿಂಗಳು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಮಾಡಿ ಹೋದಿಯಲ್ಲ.

ಪೆಡಲ್ ಮಾಸ್ತರೇ ಒಯ್ದರು. ಅವರು ಗೇಟು ದಾಟಿದ್ದೇ ತಡ, ಭಾಬಿ ನಿನ್ನನ್ನು ಬೈಯಲು ಶುರುಮಾಡಿದರು. ನಾನೂ ಜೊತೆಗೂಡಿದೆ. ನಿನ್ನ ಹಟ, ನಿನ್ನ ಸುಳ್ಳು, ಒಂದನ್ನೂ ಬಿಡಲಿಲ್ಲ. ಬೈದು ಬೈದು ಸುಸ್ತಾಗಿ ಇಬ್ಬರೂ ಅತ್ತೆವು. ಆಮೇಲೆ ಆಕೆ ರೊಟ್ಟಿ ಬಡಿದರು, ನಾನು ಅಲ್ಲೇ ಉಂಡೆ.

ನಿನ್ನನ್ನು ಮಾಫ್ ಮಾಡಿದೆವು ಅಂದುಕೊಳ್ಳಬೇಡ. ನಮ್ಮನ್ನು ನಾವು ಮಾಫ್ ಮಾಡಿಕೊಂಡಿದ್ದೇವೆ, ಅಷ್ಟೇ. ಇನ್ನು ಮೇಲೆ ತಪ್ಪೆಲ್ಲ ನಿನ್ನದೇ.

ಮಾದೇವ