ಅಳಿಸಿದ ಗುಡ್ಡ

ಮಾರ್ಚ್ ೧೨, ಪ್ರಯೋಗಾಲಯ

ಮಾವನವರಿಗೆ,

ಔಷಧಿ ಪರೀಕ್ಷಿಸುವುದನ್ನು ಕಲಿಯಲೆಂದು ನನ್ನನ್ನು ನಿಮ್ಮ ಕಾರ್ಖಾನೆಯಲ್ಲಿ ಕೂರಿಸಿದವರು ನೀವೇ. ಇವತ್ತು ಮಕ್ಕಳ ಜ್ವರದ ಸಿರಪ್‌ನ ಪರೀಕ್ಷೆಯಿಂದ ಕಂಪ್ಯೂಟರ್ ಪರದೆಯ ಮೇಲೆ ಮೂಡಿದ ಗೆರೆನಕ್ಷೆಯಲ್ಲಿ, ಔಷಧಿಯನ್ನು ತೋರಿಸುವ ಎತ್ತರದ ಶಿಖರದ ಪಕ್ಕ ಸಣ್ಣದೊಂದು ಗುಡ್ಡ ಎದ್ದಿತ್ತು. ಅದು ಕಲ್ಮಶ, ಮಿತಿ ಮೀರಿದ್ದು. ನೀವು ಮೌಸ್ ಹಿಡಿದು ಅಳತೆ ಶುರುವಾಗುವ ಬುಡದ ಗೆರೆಯನ್ನು ಮೇಲಕ್ಕೆಳೆದು ಅದನ್ನು ಅಳಿಸಿಬಿಟ್ಟಿರಿ.

“ನೋಡಮ್ಮ, ಕಲಿಯೋದು ಇಷ್ಟೇ. ವರದಿಗೆ ಸಹಿ ಹಾಕು, ದೊಡ್ಡ ಪಂಡಿತೆ ಆಗ್ಬೇಡ,” ಅಂದಿರಿ.

ಹೋದ ವಾರ ನನ್ನ ಮಗಳಿಗೆ ಜ್ವರ ಬಂದಾಗ, ನಮ್ಮದೇ ಸಿರಪ್‌ ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಬೇರೆ ಕಂಪನಿಯದನ್ನು ತರಿಸಿದಿರಿ. ಅದು ಮೊಮ್ಮಗಳ ಮೇಲಿನ ಅಕ್ಕರೆ ಅಂತ ಇವತ್ತಿನವರೆಗೂ ಅಂದುಕೊಂಡಿದ್ದೆ.

ಲಾರಿಗೆ ಹೇರಿಸಿರುವ ಈ ಸಿರಪ್ ಪೆಟ್ಟಿಗೆಗಳನ್ನು ಇವತ್ತೇ ಇಳಿಸಿ. ನಾನು ಸಹಿ ಹಾಕುವುದಿಲ್ಲ. ನೀವು ಇಳಿಸಿದರೂ ಇಳಿಸದಿದ್ದರೂ, ನಾಳೆ ಸರ್ಕಾರದ ಔಷಧ ತನಿಖಾಧಿಕಾರಿ ಬಂದಾಗ ಇದರದೇ ಸೀಲ್ ಒಡೆಯದ ಒಂದು ಬಾಟಲಿಯನ್ನು ಪರೀಕ್ಷೆಗೆಂದು ಅವರ ಕೈಗೆ ಕೊಡುತ್ತೇನೆ.

ನಿಮ್ಮ ಸೊಸೆ